ಊರಿನ ಚಿತ್ರಸಮಾಜದಲ್ಲಿ ಸಲಿಂಗ ಪ್ರೇಮದ ಚಿತ್ರ ತೋರಿಸುವ ಬಗೆ

ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1973ರಲ್ಲೇ ಚಿತ್ರಸಮಾಜವನ್ನು, ಅಂದರೆ ಚಿತ್ರಗಳನ್ನು ಒಟ್ಟಿಗೆ ನೋಡಿ ಚರ್ಚಿಸುವ ಕೂಟವನ್ನು, ಕಟ್ಟಿದ ಶಿವಮೊಗ್ಗ ಜಿಲ್ಲೆ ನಮ್ಮದು. ಆದ್ದರಿಂದ ಜನ ಒಪ್ಪುವರೋ ಇಲ್ಲವೋ ಎಂಬ ಅಳುಕನ್ನು ಬದಿಗಿಟ್ಟು, ಮೊದಲು ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ಮನೆಯ ಒಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿಯಾಗುವುದಿಲ್ಲ. ಆಯ್ಕೆಯ ವಿಷಯದಲ್ಲಿ ನನ್ನ ಒಲವು 2025ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಮರಾಠಿಯ ‘ಸಾಬರ್ ಬೊಂಡ’ದ ಕಡೆಗಿದೆ, ತಂದೆಯ ಸೂತಕಕ್ಕೆಂದು ಹಳ್ಳಿಗೆ ಮರಳಿದವನಿಗೂ ಅಲ್ಲಿನ ಬಾಲ್ಯದ ಗೆಳೆಯನಿಗೂ ಚಿಗುರುವ ಪ್ರೀತಿ ನಮ್ಮವರಿಗೆ ಪರಕೀಯವೆನಿಸದು.

ಇಂಥ ಚಿತ್ರಗಳಲ್ಲಿ ಮಾತಿಗಿಂತ ಮೌನವೇ ಹೆಚ್ಚು. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬಡಿಯತೊಡಗಿದರೆ, ಇಬ್ಬರು ಪಕ್ಕಪಕ್ಕ ಕುಳಿತು ಉಸಿರುಬಿಡುವ ದೃಶ್ಯವೇ ಕೊಚ್ಚಿಹೋಗುತ್ತದೆ. ಹಾಗಾಗಿ ಕಾರ್ತಿಕದ ನಂತರ ದಿನ ಗೊತ್ತುಮಾಡಿ. ಹಿಂದಿನ ದಿನವೇ ಕೊನೆಯ ಸಾಲಿನಲ್ಲಿ ಕುಳಿತು ಅಡಿಬರಹ ಓದಲು ಬರುತ್ತದೆಯೇ ನೋಡಿ. ಕರೆಂಟಿನ ಭರವಸೆ ಬೇಡ, ಜನರೇಟರ್ ಇರಲಿ.

ಭಿತ್ತಿಪತ್ರದಲ್ಲಿ ‘ವಿಭಿನ್ನ ಕಥೆ’ ಎಂದು ಮುಚ್ಚಿಡದೆ, ಇಬ್ಬರು ಗಂಡಸರ ಪ್ರೇಮಕಥೆ ಎಂದೇ ಬರೆಯಿರಿ. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿರುವುದರಿಂದ, ಚರ್ಚೆಯನ್ನು ಸರಿತಪ್ಪಿನಿಂದಲ್ಲ, ಯಾವ ದೃಶ್ಯ ಮನಸ್ಸಿನಲ್ಲಿ ಉಳಿಯಿತೆಂಬುದರಿಂದ ಆರಂಭಿಸಿ. ಯಾರನ್ನೂ ‘ನೀವೂ ಹಾಗೆಯೇ?’ ಎಂದು ಕೇಳಕೂಡದು. ಸಭಿಕರ ಫೋಟೊ ತೆಗೆಯಕೂಡದು, ಏಕೆಂದರೆ ಸಣ್ಣ ಊರಿನಲ್ಲಿ ಒಂದು ಫೋಟೊ ರಾತ್ರಿಯೊಳಗೆ ಮನೆಮನೆ ತಲುಪುತ್ತದೆ. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಕೊನೆಯ ಬಸ್ಸು ಸಿಗುವಂತೆ ಚರ್ಚೆ ಮುಗಿಸಿ.