ಅಂಗಡಿ ಬೋರ್ಡಿಗೆ ದಪ್ಪ, ಗುಂಡು ಅಕ್ಷರ ಬೇಕಾದವರಿಗೆ

ಮೈಸೂರಲ್ಲಿ ಹೊಸ ಅಂಗಡಿ ತೆರೆಯುವವರು ಬೋರ್ಡಿಗೆ 'ಬಾಲೂ ತಮ್ಮ 2' ಫಾಂಟ್ ನೋಡಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಮೈಕಟ್ಟಿನಲ್ಲಿವೆ. ಬರೀ ಇಂಗ್ಲಿಷ್ ಫಾಂಟ್ ಆರಿಸಿದರೆ ಕನ್ನಡಕ್ಕೆ ಬೇರೆ ಯಾವುದೋ ಫಾಂಟ್ ಬಂದು ಕೂರುತ್ತದೆ, ಹೆಸರು ಸೊರಗಿ ಕಾಣುತ್ತದೆ.

ತುಂಬಾ ದಪ್ಪದ್ದು ಹೆಸರಿಗೆ ಮಾತ್ರ ಸಾಕು. ವಿಳಾಸ, ಫೋನ್ ನಂಬರಿಗೆ ತೆಳುವಾದದ್ದೇ ಚೆನ್ನ. ಮೊದಲು ಚಿಕ್ಕದಾಗಿ ಪ್ರಿಂಟ್ ತೆಗೆದು ಧ, ಭ ಅಕ್ಷರಗಳನ್ನು ದೂರದಿಂದ ನೋಡಿ. ಕೆಳಗಿನ ಸೀಳು ಮುಚ್ಚಿಕೊಂಡಂತೆ ಕಂಡರೆ 'ಧನ' ಹೋಗಿ 'ದನ' ಆಗುತ್ತದೆ, ಅಲ್ವಾ? 'ಮದ್ದೂರು ವಡೆ' ಅಂತ ಬರೆಸಿದರೆ ಒತ್ತಕ್ಷರಕ್ಕೆ ಕೆಳಗೆ ಜಾಸ್ತಿ ಜಾಗ ಬಿಡಿಸಿ.

ಪ್ರಿಂಟಿಂಗ್‌ನವರಿಗೆ ಫೈಲ್ ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್ ಮಾಡಿಸಿ, ಅಂದರೆ ಫಾಂಟ್ ಬೇಕಿಲ್ಲದ ಬರೀ ಆಕಾರಗಳಾಗಿ ಬದಲಿಸಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತು ಒಡೆಯುವುದಿಲ್ಲ.