ಸಿಮ್ ಬದಲಿಸುವ ಮೊದಲು ಸಿಗ್ನಲ್ ಅಳೆದದ್ದು

ಮಲೆನಾಡಿನ ಮನೆಗೂ ಬೆಂಗಳೂರಿನ ಆಫೀಸಿಗೂ ಒಂದೇ ನಂಬರು ಸಾಕಾಗಬೇಕಿತ್ತು. ಅಂಗಡಿಯಲ್ಲಿ ವಿಚಾರಿಸಿದರೆ ಆಫರಿನ ಲೆಕ್ಕ ಹೇಳುತ್ತಾರೆ, ನೆಂಟರನ್ನು ಕೇಳಿದರೆ ಅವರ ಊರಿನ ಟವರಿನ ಸುದ್ದಿ ಹೇಳುತ್ತಾರೆ. ನಮ್ಮ ಅಡುಗೆಮನೆಯೊಳಗೆ ಕರೆ ಬರುತ್ತದೋ ಇಲ್ಲವೋ ಎಂಬುದು ಎರಡರಿಂದಲೂ ತಿಳಿಯುವುದಿಲ್ಲ. ಆದ್ದರಿಂದ ಅಳೆದು ನೋಡಿಯೇ ಮೊಬೈಲ್ ಕಂಪನಿಯನ್ನು ಆರಿಸಿದೆ.

ಕಂಪನಿಗಿಂತ ಮೊದಲು ನೋಡಬೇಕಾದ್ದು ಕೈಯಲ್ಲಿರುವ ಫೋನನ್ನು. ಪ್ರತಿ ಕಂಪನಿಯ 4ಜಿ ಕೆಲವು ನಿರ್ದಿಷ್ಟ ಆವರ್ತನದ ಪಟ್ಟೆಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ ಮಾತ್ರ ಸಿಗುತ್ತದೆ. ಜಿಯೊ 850 (ಬ್ಯಾಂಡ್ 5), 1800 (ಬ್ಯಾಂಡ್ 3), 2300 (ಬ್ಯಾಂಡ್ 40) ಮೆಗಾಹರ್ಟ್ಸ್ ಬಳಸುತ್ತದೆ. ಏರ್‌ಟೆಲ್‌ಗೆ 900 (ಬ್ಯಾಂಡ್ 8), 1800, 2100 (ಬ್ಯಾಂಡ್ 1) ಮತ್ತು 2300 ಇವೆ. ವಿ (ವೊಡಾಫೋನ್ ಐಡಿಯಾ) ಕೂಡ 900, 1800, 2100 ಬಳಸುತ್ತದೆ. ಬಿಎಸ್‌ಎನ್‌ಎಲ್ 4ಜಿ ಬರುವುದು 700 (ಬ್ಯಾಂಡ್ 28) ಮತ್ತು 2100ರಲ್ಲಿ. ಆವರ್ತನ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಗುಡ್ಡದ ಆಚೆ ಟವರ್ ಇರುವ ಮನೆಗೆ 700, 850, 900 ಇವೇ ಜೀವಾಳ. 2300 ಅಂಗಳದವರೆಗೆ ಬಂದು ನಿಲ್ಲುತ್ತದೆ. ಫೋನಿನ ಮಾಡೆಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಬ್ಯಾಂಡ್ ಪಟ್ಟಿ ತೆಗೆದೆ. ಹಳೆಯ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲದಿರುವುದುಂಟು. ಅಂಥ ಫೋನಿಗೆ ಬಿಎಸ್‌ಎನ್‌ಎಲ್ ಸಿಮ್ ಹಾಕಿ ‘ಸಿಗ್ನಲ್ಲೇ ಇಲ್ಲ’ ಎಂದರೆ ತಪ್ಪು ಟವರಿನದಲ್ಲ.

5ಜಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸಾಲದು. ಜಿಯೊದ 5ಜಿ, 4ಜಿಯ ಆಸರೆಯಿಲ್ಲದೆ ನಡೆಯುವ ಸ್ಟ್ಯಾಂಡ್‌ಅಲೋನ್ ಬಗೆಯದು. ಆ ಸೌಲಭ್ಯ ತೆರೆಯದ ಫೋನಿನಲ್ಲಿ ಅದು ಬರುವುದೇ ಇಲ್ಲ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಐಫೋನ್ ಆದರೆ ಇನ್ನೆರಡು ಸಂಗತಿ ನೋಡಬೇಕು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕ್ಯಾರಿಯರ್ ಲಾಕ್ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿರಬೇಕು. ಇಲ್ಲವಾದರೆ ಅಲ್ಲಿನ ಕಂಪನಿಯೇ ಬಿಡಿಸಿಕೊಡುವವರೆಗೆ ಇಲ್ಲಿನ ಸಿಮ್ ನಡೆಯದು. ಅಲ್ಲಿ ಮಾರುವ ಐಫೋನ್ 14ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ಮೇ ಗತಿ.

ಇನ್ನು ಅಳತೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಲಿಲ್ಲ, ಒಂದೊಂದು ಫೋನೂ ಅವನ್ನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಸಿಗ್ನಲ್ ಶಕ್ತಿಯ ಅಳತೆಯಾದ ಡಿಬಿಎಂ ಲೆಕ್ಕ ಸಿಗುತ್ತದೆ; ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನಿನಲ್ಲಿ *3001#12345#*. ನೋಡಬೇಕಾದ್ದು ಟವರಿನ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಎಂದು ಹೇಳುವ ಆರ್‌ಎಸ್‌ಆರ್‌ಪಿ ಎಂಬ ಸಂಖ್ಯೆ. ಅದು ಋಣ ಸಂಖ್ಯೆಯಾದ್ದರಿಂದ -95 ಎಂಬುದು -110ಕ್ಕಿಂತ ಒಳ್ಳೆಯದು. -85ರ ಆಸುಪಾಸಿದ್ದರೆ ಚಿಂತೆಯಿಲ್ಲ. -100ರವರೆಗೂ ಕೆಲಸ ಸರಾಗ. -110 ದಾಟಿದರೆ ಮನೆಯೊಳಗೆ ಮಾತು ಕಡಿದು ಕಡಿದು ಬರುತ್ತದೆ, -118ರಾಚೆ ಕರೆ ಬಿದ್ದೇ ಹೋಗಬಹುದು. ಹತ್ತು ಅಂಕಿ ಇಳಿಯಿತೆಂದರೆ ಬರುವ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಿತೆಂದರ್ಥ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರಿಗೆ ಕೇಳಿಸಲೆಂದು ಜೋರಾಗಿ ಕೂಗಬೇಕು. ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿಯಾಗುವುದಕ್ಕೆ ಅನೇಕ ಸಲ ಇದೇ ಕಾರಣ.

ಅಳೆದದ್ದು ಐದು ಜಾಗದಲ್ಲಿ: ಜಗಲಿ, ಅಡುಗೆಮನೆ, ಮಲಗುವ ಕೋಣೆ, ತೋಟದ ಕೆಳಗಿನ ತುದಿ ಮತ್ತು ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗ್. ಹೊತ್ತು ಮೂರು: ಬೆಳಿಗ್ಗೆ ಏಳು, ಮಧ್ಯಾಹ್ನ, ರಾತ್ರಿ ಎಂಟರಿಂದ ಹತ್ತು. ರಾತ್ರಿಯ ಅಳತೆಗೆ ಹೆಚ್ಚು ಬೆಲೆ ಕೊಟ್ಟೆ, ಯಾಕೆಂದರೆ ಆಗ ಒಂದೇ ಟವರಿನ ಮೇಲೆ ಊರಿನವರೆಲ್ಲ ವಿಡಿಯೊ ನೋಡುತ್ತಿರುತ್ತಾರೆ. ಡಿಬಿಎಂ ಚೆನ್ನಾಗಿದ್ದೂ ವೇಗ ಸತ್ತಿದ್ದರೆ ಅದು ದಟ್ಟಣೆ. ಫೋನು ಬದಲಿಸಿದರೂ ಸರಿಹೋಗದು. ವೇಗ ಅಳೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಸಾಕು.

ನಾಲ್ಕನೆಯ ಹೊತ್ತೊಂದಿದೆ, ಮಲೆನಾಡಿನವರು ಅದನ್ನು ಬಿಡಲೇಬಾರದು: ಮಳೆಗಾಲದಲ್ಲಿ ಕರೆಂಟು ಹೋಗಿ ಕೆಲವು ಗಂಟೆ ಕಳೆದ ಮೇಲೆ. ಟವರಿನ ಬ್ಯಾಟರಿ ಇಳಿದು, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಬೇಸಿಗೆಯಲ್ಲಿ -85 ತೋರಿಸಿದ ಕಂಪನಿಯೂ ಮಾಯ. ಎರಡು ಕಂಪನಿಯ ಸಿಮ್ ಇಟ್ಟುಕೊಂಡರೆ ಪಾರಾದೆವು ಎನ್ನುವ ಹಾಗೂ ಇಲ್ಲ, ಒಂದೇ ಕಂಬದ ಮೇಲೆ ಎರಡೂ ಕಂಪನಿಯ ಆಂಟೆನಾ ಇರುವುದು ಸಾಮಾನ್ಯ. ಸರ್ಕಾರದ ತರಂಗ್ ಸಂಚಾರ್ ತಾಣದಲ್ಲಿ ಹತ್ತಿರದ ಟವರುಗಳು ನಕ್ಷೆಯಲ್ಲಿ ಕಾಣುತ್ತವೆ. ಎರಡನೆಯ ಸಿಮ್ ಬೇರೆ ಕಂಬದ್ದೇ ಆಗುವಂತೆ ಅದರಿಂದ ಆರಿಸಿಕೊಂಡೆ. ಮನೆಗೆ ಫೈಬರ್ ಬಂದಿದ್ದು ವೈಫೈ ರೂಟರಿಗೆ ಯುಪಿಎಸ್ ಇದ್ದರೆ ವೈಫೈ ಕಾಲಿಂಗ್ ತೆರೆದಿಡಿ. ದಪ್ಪ ಗೋಡೆಯ ಮನೆಯಲ್ಲಿ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಳೆಯ ನಂಬರನ್ನು ಪರೀಕ್ಷೆಗೆ ಒಡ್ಡಲಿಲ್ಲ. ಆರಿಸಿದ ಕಂಪನಿಯ ಹೊಸ ಪ್ರಿಪೇಯ್ಡ್ ಸಿಮ್ ತಂದು ಎರಡನೆಯ ಸ್ಲಾಟಿಗೆ ಹಾಕಿ 28 ದಿನ ಓಡಿಸಿದೆ. ಸಣ್ಣ ಪ್ಯಾಕಿನ ಖರ್ಚಷ್ಟೇ. ಇದನ್ನು ತಪ್ಪಿಸಿ ನೇರ ಪೋರ್ಟ್ ಮಾಡಿಸಿದರೆ (ನಂಬರು ಅದೇ ಇಟ್ಟು ಕಂಪನಿ ಬದಲಿಸಿದರೆ), ಹಿಡಿಸದಿದ್ದರೂ ಹೊಸ ಕಂಪನಿಯಲ್ಲಿ 90 ದಿನ ಕಳೆಯದೆ ಹೊರಗೆ ಬರಲಾಗದು.

ಪ್ಯಾಕಿನ ಲೆಕ್ಕದಲ್ಲಿ ತಿಂಗಳ ಬೆಲೆ ನೋಡದೆ ದಿನದ ಬೆಲೆ ನೋಡಿ. 28 ದಿನದ ಪ್ಯಾಕ್ ವರ್ಷಕ್ಕೆ 13 ಸಲ ಹಾಕಿಸಬೇಕು. 84 ದಿನದ್ದು ನಾಲ್ಕು ಸಲ ಹಾಕಿಸಿದರೂ 336 ದಿನವಷ್ಟೇ, 29 ದಿನ ಬಾಕಿ. ಮನೆಯ ಹಿರಿಯರಿಗೆ ಡೇಟಾ ಬೇಡವಾದರೆ ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೇಳಿ ಪಡೆಯಿರಿ. ಅಂಥದ್ದನ್ನು ಎಲ್ಲ ಕಂಪನಿಗಳೂ ಇಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ.

ಪೋರ್ಟ್ ಮಾಡಿಸುವಾಗ ಹಳೆಯ ಸಿಮ್ಮಿನಿಂದ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರು ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಬೇಕು. ಬರುವ ಎಂಟಕ್ಷರದ ಯುಪಿಸಿ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ನಡೆಯುತ್ತದೆ. ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲವೆಂದು ಈ ಸಂದೇಶವನ್ನು ತಡೆಯುವಂತಿಲ್ಲ. ಕೋಡ್ ಬಾರದಿದ್ದರೆ ಮೂರು ಕಾರಣ ನೋಡಿ: 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿಯಿದೆ, ಅಥವಾ ಕಳೆದ ಏಳು ದಿನದಲ್ಲಿ ಅದೇ ನಂಬರಿಗೆ ಬದಲಿ ಸಿಮ್ ಪಡೆದಿದ್ದೀರಿ. ಕೊನೆಯ ನಿಯಮ 2024ರ ಜುಲೈ 1ರಿಂದ ಬಂದದ್ದು, ನಿಮ್ಮ ನಂಬರನ್ನು ಕದಿಯುವವರನ್ನು ತಡೆಯಲಿಕ್ಕೆ. ಕೋಡ್ ಬಂದ ಮೇಲೆ ಹಳೆಯ ಕಂಪನಿಯವರೆಂದು ಆಫರ್ ಹೇಳಿಕೊಂಡು ಕರೆಗಳು ಬರುತ್ತವೆ. ಯಾರಿಗೂ ಆ ಕೋಡ್ ಹೇಳಬೇಡಿ, ಹೊಸ ಕಂಪನಿಯ ಕೌಂಟರಿನಲ್ಲಿ ಮಾತ್ರ ಕೊಡಿ.

ರಾಜ್ಯದೊಳಗಿನ ಪೋರ್ಟ್‌ಗೆ ಮೂರು ಕೆಲಸದ ದಿನ ಹಿಡಿಯುತ್ತದೆ. ಹಳೆಯ ಪ್ರಿಪೇಯ್ಡ್ ಬಾಕಿ ಹಣ, ಉಳಿದ ವ್ಯಾಲಿಡಿಟಿ ಎರಡೂ ಹೋಗುತ್ತವೆ, ಆದ್ದರಿಂದ ಪ್ಯಾಕ್ ಮುಗಿಯುವ ವಾರಕ್ಕೆ ಹೊಂದಿಸಿಕೊಂಡೆ. ಬ್ಯಾಂಕಿನ ತುರ್ತು ಕೆಲಸಗಳನ್ನು ಹಿಂದಿನ ದಿನವೇ ಮುಗಿಸಿದೆ. ಪೋಸ್ಟ್‌ಪೇಯ್ಡ್‌ನವರು ಕೊನೆಯ ಬಿಲ್ಲನ್ನು ಮರೆಯಬಾರದು. ಅದನ್ನು ಕಟ್ಟದಿದ್ದರೆ ಹೊಸ ಕಂಪನಿಯಲ್ಲೂ ನಂಬರು ನಿಲ್ಲುತ್ತದೆ.

ಹಳೆಯ ಸಿಮ್‌ನ ಸಿಗ್ನಲ್ ಹೋದ ಕೂಡಲೆ ಹೊಸದನ್ನು ಹಾಕಿ ಫೋನ್ ಒಮ್ಮೆ ಆರಿಸಿ ಹಚ್ಚಿದೆ. ಕರೆ ಬಂದು ನೆಟ್ ಬಾರದಿದ್ದರೆ ಸೆಟ್ಟಿಂಗ್ಸಿನಲ್ಲಿ ಎಪಿಎನ್ (ಫೋನನ್ನು ಕಂಪನಿಯ ನೆಟ್ಟಿಗೆ ಜೋಡಿಸುವ ಹೆಸರು) ನೋಡಿ: ಜಿಯೊಗೆ ಜಿಯೊನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಎರಡನ್ನೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ನಡುವೆ ಜಾಗವಿಲ್ಲದೆ ಬರೆಯಬೇಕು. ನೆಟ್ ಬಂದು ಕರೆ ಬಾರದಿದ್ದರೆ 4ಜಿ ಮೇಲೆ ಕರೆ ಸಾಗಿಸುವ ವೋಲ್ಟಿ ಆಫ್ ಆಗಿರಬಹುದು; ಜಿಯೊದಲ್ಲಿ 2ಜಿ, 3ಜಿ ಎರಡೂ ಇಲ್ಲದ ಕಾರಣ ಅದು ಆನ್ ಇರಲೇಬೇಕು. ಪರೀಕ್ಷೆಗೆಂದು ತಂದ ಸಿಮ್ ಕೂಡ ನನ್ನ ಹೆಸರಿನಲ್ಲೇ ಇತ್ತು. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನನ್ನ ಹೆಸರಿನ ನಂಬರುಗಳ ಪಟ್ಟಿ ತೆಗೆದು, ಇನ್ನು ಬೇಡವೆಂದು ಅದನ್ನು ಗುರುತು ಮಾಡಿದೆ.