ಮಳೆಗಾಲದಲ್ಲಿ ಗಾಜಿನ ಹರಳಿನ ಓಲೆ ಕಪ್ಪಾಗದಂತೆ ನೋಡಿಕೊಳ್ಳುವುದು ಹೇಗೆ?

ಹೋದ ಆಷಾಢದಲ್ಲಿ ಒಂದು ತಪ್ಪು ಮಾಡಿದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹುಡುಕಿ ಹುಡುಕಿ ತಂದಿದ್ದ ಕೆಂಪು ಹರಳಿನ ಓಲೆಯನ್ನು ಚಿನ್ನದ ಒಡವೆಯ ಹಾಗೆ ಅಂಟುವಾಳದ ನೀರಲ್ಲಿ ನೆನೆಹಾಕಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಎರಡು ಹರಳು ಹುರಿದ ಹುಣಸೆಬೀಜದಂತೆ ಕಪ್ಪಾಗಿದ್ದವು. ತುಂಬಾ ಬೇಜಾರಾಯಿತು.

ಗಾಜು ಕೆಟ್ಟಿರಲಿಲ್ಲ, ಕೆಟ್ಟಿದ್ದು ಅದರ ಬೆನ್ನಿಗಿದ್ದ ಬೇಗಡೆ. ಬರೀ ಗಾಜು ವಜ್ರದಷ್ಟು ಹೊಳೆಯುವುದಿಲ್ಲ. ಅದಕ್ಕೇ ಹಿಂದೆ ಕನ್ನಡಿಯಂಥ ತೆಳು ಲೋಹದ ಹೊದಿಕೆ ಕೊಡುತ್ತಾರೆ. ಹಿಂದೆ ನೀರು ಇಳಿಯಿತೋ, ಲೋಹ ಕಪ್ಪಾಗುತ್ತದೆ, ಹೊಳಪು ಹೋಗುತ್ತದೆ.

ಮೊದಲು ಓಲೆಯನ್ನು ತಿರುಗಿಸಿ ನೋಡಿ. ಹರಳಿನ ಹಿಂಭಾಗ ಮುಚ್ಚಿದ್ದರೆ ಒಳಗೆ ಬೇಗಡೆ ಇರಬಹುದು ಅಂತಲೇ ತಿಳಿದುಕೊಳ್ಳಿ. ಅಂಥದ್ದನ್ನು ನೀರಲ್ಲಿ ಮುಳುಗಿಸಲೇಬೇಡಿ.

ಒರೆಸುವ ಮುನ್ನ ಧೂಳು ತೆಗೆಯಬೇಕು. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7, ಗಾಜು ಸುಮಾರು 5.5. ಸುಮ್ನೆ ಸೆರಗಿನಲ್ಲಿ ಉಜ್ಜಿದರೂ ಗೀರು ಬೀಳುತ್ತದೆ. ಮಕ್ಕಳ ಮೆತ್ತನೆಯ, ಒಣಗಿದ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಕೊಡವಿ.

ಆಮೇಲೆ ಹತ್ತಿಕಡ್ಡಿಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ. ಓಲೆಯ ಮುಖವನ್ನು ಕೆಳಗೆ ಮಾಡಿ ಹಿಡಿದುಕೊಂಡು ಹರಳಿನ ಮೇಲ್ಭಾಗ ಮಾತ್ರ ಒರೆಸಿ. ಹಾಗೆ ಹಿಡಿದರೆ ತೇವ ಹಿಂದಕ್ಕೆ ಇಳಿಯುವುದಿಲ್ಲ. ತಕ್ಷಣ ಒಣಬಟ್ಟೆ ಒತ್ತಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಮಳೆ ಬಿಡದ ದಿನ ಒಲೆಯ ಹತ್ತಿರ ಒಣಗಿಸೋಣ ಅನ್ನಿಸುತ್ತದೆ ಅಲ್ವಾ? ಬೇಡ, ಬಿಸಿಗೆ ಅಂಟು ಸಡಿಲವಾಗುತ್ತದೆ.

ಹರಳು ಉದುರಿದ್ದರೆ ಗುಳಿಯೊಳಗಿನ ಹಳೆಯ ಅಂಟನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಅಂಟನ್ನು ಬೆರೆಸಿ, ಗುಂಡುಸೂಜಿಯ ತಲೆಯಷ್ಟು ಮಾತ್ರ ಹಾಕಿ. ಹರಳು ಕೂರಿಸಿ ಒಂದು ದಿನ ಮುಟ್ಟಬೇಡಿ. ಕ್ಷಣದಲ್ಲಿ ಹಿಡಿಯುವ ಅಂಟು ಸುಲಭ ನಿಜ, ಆದರೆ ಅದರ ಹಬೆ ತಾಗಿ ಗಾಜಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಕೊಂಡಿಗಳು ಹರಳನ್ನು ಕಚ್ಚಿ ಹಿಡಿದಿರುವ ಓಲೆಯಾದರೆ ಅಕ್ಕಸಾಲಿಗರ ಹತ್ತಿರ ಹೋಗುವುದೇ ವಾಸಿ.

ಇನ್ನು ಇಡುವ ಜಾಗ. ತೀರ್ಥಹಳ್ಳಿ, ಆಗುಂಬೆ ಕಡೆ ಜೂನ್ ಬಂತೆಂದರೆ ಬೀರುವಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಡಬ್ಬಿಯ ಹತ್ತಿ ತೇವ ಹೀರಿಕೊಂಡು ಓಲೆಗೇ ಅಂಟಿರುತ್ತದೆ, ಅದನ್ನು ತೆಗೆದುಹಾಕಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಂದೊಂದು ಜೊತೆಯನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಿಸುವ ನೀಲಿ ಕಾಳಿನದು ಸಿಕ್ಕರೆ ಒಳ್ಳೆಯದು. ಕಾಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ.

ಕಪ್ಪಾದ ಹರಳನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ, ಬದಲಿಸಬೇಕು. ಅರ್ಧ ಮಿಲಿಮೀಟರ್ ದೊಡ್ಡದಾದರೂ ಗುಳಿಯಲ್ಲಿ ಕೂರದು. ಅಂಗಡಿಗೆ ಹೋಗುವಾಗ ಹರಳೊಂದನ್ನೇ ಅಲ್ಲ, ಓಲೆಯನ್ನೂ ಒಯ್ಯಿರಿ.